ಅಕಿಂದಿನೋಸನ ಹೆಸರಿಗೆ ಒದಗಿದ ಅಪಾಯ

ನಮ್ಮ ದ್ವೀಪದಲ್ಲಿ ಯಾರ ಹೆಸರೂ ಅವರ ಸ್ವಂತದ್ದಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಆ ಮೊಮ್ಮಗ ಅಜ್ಜನಾದ ಮೇಲೆ ಅವನ ಮೊಮ್ಮಗನಿಗೆ. ಹೀಗೆ ಹೆಸರುಗಳು ಹಳೆಯ ಕೋಟಿನ ಹಾಗೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುತ್ತಿರುತ್ತವೆ. ಬಂದರಿನಲ್ಲಿ ನಿಂತು “ಯಾನಿಸ್” ಎಂದು ಕೂಗಿದರೆ ಅರ್ಧ ಬಂದರು ತಿರುಗಿ ನೋಡುತ್ತದೆ. “ಅಕಿಂದಿನೋಸ್” ಎಂದು ಕೂಗಿದರೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ.

ಆ ಹೆಸರಿನವನು ನಮ್ಮಲ್ಲಿ ಇದ್ದದ್ದು ಒಬ್ಬನೇ. ಗ್ರೀಕಿನಲ್ಲಿ ಕಿಂದಿನೋಸ್ ಎಂದರೆ ಅಪಾಯ. ಮುಂದೆ ಒಂದು ‘ಅ’ ಬಿದ್ದರೆ ಅಪಾಯವಿಲ್ಲದವನು. ಈ ಅಪಾಯವಿಲ್ಲದವನು ಹಡಗಿನಿಂದ ಎಸೆದ ಹಗ್ಗವನ್ನು ಹಿಡಿದು ಕಟ್ಟೆಯ ಕಂಬಕ್ಕೆ ಸುತ್ತುವ ಕೆಲಸದಲ್ಲಿದ್ದು ನಿವೃತ್ತನಾದವನು. ಹಗ್ಗ ಅವನ ಕಡೆಗೆ ಬಂದದ್ದಕ್ಕಿಂತ ಅವನೇ ಹಗ್ಗದ ಜೊತೆ ಸಮುದ್ರದ ಕಡೆಗೆ ಹೋದದ್ದು ಹೆಚ್ಚು. ಗಂಟೆಗೋಪುರದಿಂದ ಬಿದ್ದಿದ್ದಾನೆ. ಆಲಿವ್ ಮರದಿಂದ ಬಿದ್ದಿದ್ದಾನೆ. ಕತ್ತೆಯ ಮೇಲಿನಿಂದ ಬಿದ್ದಿದ್ದಾನೆ, ಒಮ್ಮೆ ಕತ್ತೆಯೇ ಅವನ ಮೇಲೆ ಬಿದ್ದಿದೆ. ಪ್ರತಿ ಸಲವೂ ಎದ್ದು, ಮಣ್ಣನ್ನೋ ಉಪ್ಪುನೀರನ್ನೋ ಒರೆಸಿಕೊಂಡು, ಓಡಿ ಬಂದವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: “ಏನೂ ಆಗಿಲ್ಲ, ಏನೂ ಆಗಿಲ್ಲ.”

ಅವನ ಹೆಂಡತಿ ಸ್ತಮಾತಿಯಾ. ಆ ಹೆಸರಿನ ಅರ್ಥ ‘ನಿಲ್ಲಿಸು’. ಸಾಲು ಸಾಲು ಹೆಣ್ಣು ಹುಟ್ಟಿದಾಗ ಅವಳ ಅಪ್ಪ ದೇವರಿಗೆ ಸೂಚನೆ ಕೊಡಲು ಇಟ್ಟ ಹೆಸರು. ದೇವರು ಕಿವಿಗೆ ಹಾಕಿಕೊಳ್ಳಲಿಲ್ಲ, ಅವಳ ಹಿಂದೆ ಇನ್ನೂ ಇಬ್ಬರು ಹೆಣ್ಣುಮಕ್ಕಳು ಬಂದರು. ಹೆಸರಿನ ಅರ್ಥವನ್ನು ಅತಿಯಾಗಿ ನಂಬಬಾರದೆಂದು ನಾನು ಆ ಮನೆಯನ್ನು ನೋಡಿಯೇ ಕಲಿತದ್ದು.

ನಾನು ಮಾರ್ಕುಲಿಸ್, ಬಂದರಿನ ಕಾಫಿ ಅಂಗಡಿಯವನು. ಬೇರೆಯವರ ಮನೆಯ ಜಗಳವನ್ನು ಕೇಳಿಸಿಕೊಳ್ಳುವುದು ನನ್ನ ಕಸುಬೇ ಹೊರತು ಅದರೊಳಗೆ ಇಳಿಯುವುದಲ್ಲ. ಆದರೆ ಅಕಿಂದಿನೋಸನ ಮಗ ಯೋರ್ದಾನಿಸನ ಮದುವೆಯಲ್ಲಿ ವಧೂವರರ ತಲೆಯ ಮೇಲಿನ ಕಿರೀಟಗಳನ್ನು ಅದಲುಬದಲು ಮಾಡಿದವನು ನಾನೇ. ಕಿರೀಟ ಮುಟ್ಟಿದವನು ಅವರ ಮೊದಲ ಮಗುವಿಗೆ ಧರ್ಮತಂದೆಯೂ ಆಗಬೇಕು. ದೀಕ್ಷಾಸ್ನಾನದ ಹೊತ್ತಿನಲ್ಲಿ ಪಾದ್ರಿಗೆ ಮಗುವಿನ ಹೆಸರು ಹೇಳುವವನು ಧರ್ಮತಂದೆ. ಅಲ್ಲಿಯವರೆಗೆ ಮಗು ಬರೀ ‘ಮಗು’. ಧರ್ಮತಂದೆಯ ಬಾಯಿಂದ ಹೊರಟದ್ದು ಹೊರಟಿತು, ಹೆತ್ತವರು ತಲೆ ಚಚ್ಚಿಕೊಂಡರೂ ಹಿಂದಕ್ಕೆ ಬಾರದು. ಮೇಲಿನೂರಿನಲ್ಲಿ ಒಬ್ಬ ಧರ್ಮತಂದೆ ಗಾಬರಿಯಲ್ಲಿ ತನ್ನ ಹೆಸರನ್ನೇ ಹೇಳಿಬಿಟ್ಟ. ಆ ಮಗು ಬೆಳೆದು ಈಗಲೂ ಅದೇ ಹೆಸರಿನಲ್ಲಿ ಮೀನು ಮಾರುತ್ತಿದೆ.

ಆ ಬೇಸಿಗೆಯಲ್ಲಿ ಎದ್ದ ಬಡಗಣ ಗಾಳಿ ಕೂರಲೇ ಇಲ್ಲ. ಹಡಗುಗಳು ಬರುತ್ತೇವೆ ಎಂದು ಬರಲಿಲ್ಲ, ಹೋಗುತ್ತೇವೆ ಎಂದು ಹೋಗಲಿಲ್ಲ. ಕುರ್ಚಿಗಳು ಅಂಗಡಿಯ ಮುಂದಿನಿಂದ ತಾವಾಗಿಯೇ ನಡೆದು ಹೋಗುತ್ತಿದ್ದವು. ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ, ಸುಮ್ಮನೆ ಕೂತರೂ ಕಾಲು ಅಲ್ಲಾಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ಅಕಿಂದಿನೋಸ್ ಬಾಗಿಲನ್ನು ಗಾಳಿಯ ಕೈಗೆ ಕೊಟ್ಟು ಒಳಗೆ ನುಗ್ಗಿದ.

“ಎಲ್ಲರಿಗೂ ಒಂದೊಂದು ಗ್ಲಾಸು ರಾಕಿ ಹಾಕು ಮಾರ್ಕುಲಿ! ಮಗೂನ ಅಥೆನ್ಸಿನ ಆಸ್ಪತ್ರೆಯಿಂದ ಕಳಿಸ್ತಿದಾರೆ. ಅಕಿಂದಿನೋಸ್ ಬರ್ತಿದಾನೆ!”

“ನೀನು ಬಂದೇ ಇದೀಯಲ್ಲಯ್ಯ,” ಎಂದ ಒಬ್ಬ ಮೀನುಗಾರ.

“ನಾನಲ್ಲ ಕಣೋ, ಮೊಮ್ಮಗ!”

“ಸೊಸೆ ಒಪ್ಪಿದಾಳಾ?” ನಾನು ಕೇಳಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು, ಹುಟ್ಟಿದ ಮೇಲೂ ತಾಯಿಯನ್ನು ಕೇಳಿ ಹೊಲಿಸುವುದು ಒಳ್ಳೆಯದು.

“ಒಪ್ಪೋದೇನು? ಪದ್ಧತಿ! ಅದೂ ಎಂಥಾ ಹೆಸರು ಅಂತ ತಿಳ್ಕೊಂಡಿದೀರ? ಪುರಾತನ! ಪರ್ಷಿಯದೋರ ಹಡಗನ್ನ ಮುಳುಗಿಸಿದ ನೌಕಾಪತಿಗಳ ಹೆಸರು. ಅಪಾಯ ಅಂದ್ರೇನು ಅಂತ್ಲೇ ಗೊತ್ತಿಲ್ದೋರು!” ಎನ್ನುತ್ತ ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಗ್ಲಾಸು ಎತ್ತಿದ.

ಆ ಕುರ್ಚಿಯ ಒಂದು ಕಾಲು ಸಡಿಲವಾಗಿದ್ದದ್ದು ಇಡೀ ಊರಿಗೆ ಗೊತ್ತಿತ್ತು. “ಏನೂ ಆಗಿಲ್ಲ” ಎಂಬ ದನಿ ಮೇಜಿನ ಕೆಳಗಿನಿಂದ ಬಂತು.

ಸುದ್ದಿ ಸೊಸೆ ಮಿರ್ತೋಳಿಗೆ ಮುಟ್ಟಲು ರಸ್ತೆ ದಾಟಿದರೆ ಸಾಕು. ಅವಳ ಔಷಧಿ ಅಂಗಡಿ ನನ್ನ ಅಂಗಡಿಯ ಎದುರಿಗೇ ಇದೆ. ಮಗು ಮನೆಗೆ ಬಂದು ಒಂದು ವಾರವೂ ಕಳೆದಿರಲಿಲ್ಲ, ಬಿಳಿ ಕೋಟಿನಲ್ಲೇ ಬಂದು ನನ್ನೆದುರು ನಿಂತಳು. ಕೂರು ಎಂದರೆ ಕೂರಲಿಲ್ಲ.

“ಮಾರ್ಕುಲಿ ಅಣ್ಣ, ಮಗು ಹೆಸರು ಈಯೊನ್. ಚಿಕ್ಕದು, ಹಳೇದು, ಒಂದೇ ಒಂದು ಗಾಯದ ಗುರುತಿಲ್ಲದ ಹೆಸರು. ನೆನಪಿಟ್ಕೊಳಿ.”

“ಪದ್ಧತಿ ಪ್ರಕಾರ ಅಜ್ಜನ ಹೆಸರು...”

“ನನ್ನ ಅಂಗಡೀಲಿ ಟಿಂಚರು ಯಾರಿಗೋಸ್ಕರ ತರಿಸ್ತೀನಿ ಗೊತ್ತಾ? ಮಾವನಿಗೆ. ಬ್ಯಾಂಡೇಜು? ಮಾವನಿಗೆ. ಮೊನ್ನೆ ಬ್ಯಾಂಡೇಜು ತಗೊಂಡು ಹೋಗುವಾಗ ನನ್ನ ಹೊಸಿಲಿಗೇ ಎಡವಿ ವಾಪಸ್ ಬಂದ್ರು.” ಅವಳ ದನಿ ಸಣ್ಣದಾಯಿತು. “ಈ ಮಗು ತಿಂಗಳು ತುಂಬದೆ ಹುಟ್ಟಿದ್ದು ಅಣ್ಣ. ಗಾಜಿನ ಪೆಟ್ಟಿಗೆ ಹೊರಗೆ ನಿಂತು ಅದರ ಎದೆ ಏಳುತ್ತಾ ಇಳಿಯುತ್ತಾ ಅಂತ ನೋಡಿದೋಳು ನಾನು. ಬೀಳೋದೇ ಕೆಲಸ ಮಾಡ್ಕೊಂಡಿರೋ ಹೆಸರನ್ನ ಅದರ ತಲೆ ಮೇಲೆ ಹೊರಿಸಲ್ಲ.”

ಬಾಗಿಲ ಬಳಿ ಅವಳು ತಿರುಗಿ ನಿಂತಳು. “ನಿಮ್ಮ ಬಿಪಿ ಮಾತ್ರೆ ನಮ್ಮ ಅಂಗಡೀಲಿ ಬಿಟ್ಟರೆ ಈ ದ್ವೀಪದಲ್ಲಿ ಎಲ್ಲೂ ಸಿಗಲ್ಲ, ಅದೂ ನೆನಪಿರಲಿ.”

ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ಎದ್ದರೆ ನನ್ನ ಬಾಗಿಲಿಗೆ ಅಕಿಂದಿನೋಸ್ ಹಿಡಿದ ಆಕ್ಟೋಪಸ್ ತೂಗುತ್ತಿತ್ತು. ಮಧ್ಯಾಹ್ನ ಮಿರ್ತೋ ಕರೆದು ಬಿಪಿ ನೋಡಿ “ಜಾಸ್ತಿಯಾಗಿದೆ, ಚಿಂತೆ ಬಿಡಿ, ಈಯೊನ್ ಅನ್ನಿ” ಎನ್ನುತ್ತಿದ್ದಳು. ಯೋರ್ದಾನಿಸನನ್ನು ಕೇಳಿದರೆ ಅವನು ಮೀನಿನ ಬಲೆಯೊಳಗೆ ತಲೆ ಹಾಕಿ “ನೀವೆಲ್ಲ ದೊಡ್ಡೋರು, ಹೆಂಗೆ ಹೇಳಿದ್ರೆ ಹಂಗೆ” ಎಂದ. ಅಪ್ಪನಿಗೂ ಹೆಂಡತಿಗೂ ಹೆದರುವ ಗಂಡಸಿನ ಅಭಿಪ್ರಾಯವನ್ನು ಕೇಳಲೇಬಾರದು. ಸ್ತಮಾತಿಯಾ ಮಾತ್ರ ಮುಚ್ಚುಮರೆ ಮಾಡಲಿಲ್ಲ. “ಈಯೊನ್! ಅದು ಹೆಸರೋ ಆಕಳಿಕೆಯೋ?” ಎಂದಳು.

ಕಾಫಿ ಅಂಗಡಿ ಎರಡು ಪಕ್ಷವಾಯಿತು. ಕಿಟಕಿಯ ಕಡೆಯ ಮೇಜುಗಳು ಅಕಿಂದಿನೋಸನದು, ಗೋಡೆಯ ಕಡೆಯವು ಈಯೊನನದು. ಹೆಸರಿನ ಮೂಲ ಗೊತ್ತಾದರೆ ಸೊಸೆ ಬಾಯಿ ಮುಚ್ಚುತ್ತಾಳೆಂದು ನಂಬಿ, ಅಕಿಂದಿನೋಸ್ ಪಾದ್ರಿ ಲಿನಾರ್ದೋಸರನ್ನೇ ಅಂಗಡಿಗೆ ಎಳೆದು ತಂದ. ಪಾದ್ರಿಗಳು ಪಕ್ಕದ ದ್ವೀಪದಲ್ಲೂ ಪೂಜೆ ಮಾಡಬೇಕು, ಮೇಲಾಗಿ ಜೇನು ಸಾಕಿದ್ದಾರೆ. ಅವರು ಯಾವಾಗಲೂ ಅವಸರದಲ್ಲಿರುವ ಮನುಷ್ಯ. ಎದುರು ಅಂಗಡಿಯಿಂದ ಮಿರ್ತೋ ಬಂದು ಬಾಗಿಲಿಗೆ ಒರಗಿ ನಿಂತಳು.

“ಹೇಳಿ ಫಾದರ್, ನನ್ನ ಹೆಸರಿನ ನೌಕಾಪತಿ ಕತೆ ಹೇಳಿ,” ಎಂದ ಅಕಿಂದಿನೋಸ್.

“ನೌಕಾಪತಿ ಯಾರೂ ಇಲ್ಲಪ್ಪ. ಸಂತ ಇದಾನೆ. ನವೆಂಬರ್ ಎರಡನೇ ತಾರೀಕು ಅವನ ಹಬ್ಬ. ಪರ್ಷಿಯಾದಲ್ಲಿದ್ದೋನು, ಜೊತೆಗೆ ಇನ್ನೂ ನಾಲ್ಕು ಜನ.”

“ಸಂತ! ಇನ್ನೂ ಒಳ್ಳೇದಾಯ್ತು. ಏನು ಮಾಡ್ದ?”

“ಅವನೇನೂ ಮಾಡಲಿಲ್ಲ. ಅವನಿಗೆ ಮಾಡಿದ್ರು. ಮೊದಲು ಹೊಡೆದ್ರು.”

ಗೋಡೆಯ ಕಡೆ ಯಾರೋ ಕೆಮ್ಮಿದರು.

“ಆಮೇಲೆ ಕುದಿಯೋ ಸೀಸದ ಕೊಪ್ಪರಿಗೆಗೆ ಹಾಕಿದ್ರು. ಏನೂ ಆಗಲಿಲ್ಲ.”

“ನೋಡಿದ್ರಾ!” ಅಕಿಂದಿನೋಸ್ ಮೇಜು ಗುದ್ದಿದ.

“ಆಮೇಲೆ ಸಮುದ್ರಕ್ಕೆ ಎಸೆದ್ರು. ಆಗಲೂ ಏನೂ ಆಗಲಿಲ್ಲ.”

“ನನ್ನ ಹಾಗೇ!”

“ಕೊನೆಗೆ ಬೆಂಕಿಗೆ ಹಾಕಿದ್ರು.”

“ಆಗ?”

“ಆಗ ಆಯ್ತು,” ಎಂದರು ಪಾದ್ರಿ, ಗ್ಲಾಸು ಖಾಲಿ ಮಾಡಿ.

ಒಬ್ಬ ಮೆಲ್ಲಗೆ ಕೇಳಿದ, “ಜೊತೆಯೋರು ಯಾರು ಫಾದರ್?”

“ಒಬ್ಬ ಅನೆಂಬೋದಿಸ್ತೋಸ್. ಅಡ್ಡಿ ಇಲ್ಲದವನು ಅಂತ ಅರ್ಥ.”

“ಅವನಿಗೆ?”

“ಅವನಿಗೂ ಅದೇ ಬೆಂಕಿ.”

ಗೋಡೆಯ ಕಡೆಯ ಮೇಜುಗಳು ನಕ್ಕ ನಗೆಗೆ ಕಿಟಕಿಯ ಗಾಜು ನಡುಗಿತು. ಕಿಟಕಿಯ ಕಡೆಯವರೂ ಮುಖ ತಿರುಗಿಸಿ ನಕ್ಕರು. ನಗದವಳು ಮಿರ್ತೋ ಒಬ್ಬಳೇ. ಕೊಪ್ಪರಿಗೆಯೆಂದಾಗಲೇ ಅವಳ ಮುಖ ಬಿಳಿಚಿಕೊಂಡಿತ್ತು. ರಸ್ತೆ ದಾಟಿ ಹೋದಳು.

ಅಕಿಂದಿನೋಸ್ ಅಷ್ಟಕ್ಕೆ ಬಿಡುವವನಲ್ಲ. ಮೂಲ ಕೈಕೊಟ್ಟರೇನು, ನಡತೆಯಲ್ಲಿ ತೋರಿಸುತ್ತೇನೆಂದು ಪಣ ತೊಟ್ಟ. ದೀಕ್ಷಾಸ್ನಾನದವರೆಗೆ ತನ್ನಿಂದ ಒಂದು ಲೋಟವೂ ಉರುಳಬಾರದು. ಮೆಟ್ಟಿಲಿಳಿಯುವಾಗ ಎರಡೂ ಕೈಯಲ್ಲಿ ಗೋಡೆ ಹಿಡಿದ. ಕತ್ತೆ ಕಂಡರೆ ದಾರಿ ಬದಲಿಸಿದ. ದಡದ ಹತ್ತಿರ ಹೋಗಲೇ ಇಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಸುಮ್ಮನೆ ಕೂತಷ್ಟೂ ಅವನ ಕೈಕಾಲು ಚಡಪಡಿಸಿದವು, ಕಣ್ಣು ಊರಿನಲ್ಲಿರುವ ಅಪಾಯಗಳನ್ನೆಲ್ಲ ಹುಡುಕತೊಡಗಿತು. ಚರ್ಚಿನ ಹಿಂದಿನ ದಾರಿಯಲ್ಲಿ ಕಲ್ಲುಗೋಡೆಯಿಂದ ಒಂದು ಕಲ್ಲು ಮುಂದಕ್ಕೆ ಚಾಚಿಕೊಂಡಿತ್ತು. ದೀಕ್ಷಾಸ್ನಾನದ ದಿನ ಯಾರಾದರೂ ತಾಗಿ ಬಿದ್ದರೆ? ಲೋಕಕಲ್ಯಾಣಕ್ಕಾಗಿ ಅವನು ಆ ಕಲ್ಲನ್ನು ಹಿಡಿದು ಎಳೆದ.

ಅಜ್ಜಂದಿರ ಕಾಲದ ಗೋಡೆ ಆ ಒಂದೇ ಕಲ್ಲಿನ ಮೇಲೆ ನಿಂತಿತ್ತೆಂದು ನಮಗೆಲ್ಲ ತಿಳಿದದ್ದು ಆಗಲೇ. ಗೋಡೆಯ ಆಚೆ ಪಾದ್ರಿಗಳ ಜೇನುಪೆಟ್ಟಿಗೆಗಳಿದ್ದವು.

ಗಾಳಿಗೆ ಮೊದಲೇ ಸಿಡಿಮಿಡಿಗೊಂಡಿದ್ದ ಜೇನುಹುಳಗಳು ಇಳಿಜಾರಿನಲ್ಲಿ ಬಂದರಿಗೆ ಬಂದವು. ನಾನು ಕಾಫಿ ತಟ್ಟೆಯಿಂದ ಮುಖ ಮುಚ್ಚಿಕೊಂಡು ಮಿರ್ತೋಳ ಅಂಗಡಿಗೆ ಓಡಿದರೆ ಅಲ್ಲಿ ಆಗಲೇ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಪಾದ್ರಿಗಳು, ತುಟಿ ಬದನೆಕಾಯಿಯಾಗಿತ್ತು. ಏನೋ ಹೇಳಿದರು, ಆಶೀರ್ವಾದವಂತೂ ಅಲ್ಲ. ಕಿಟಕಿಪಕ್ಷದವರೂ ಗೋಡೆಪಕ್ಷದವರೂ ಒಂದೇ ಮುಲಾಮಿಗೆ ಕೈಚಾಚಿದ್ದರು. ಸಾಲಿನ ತುದಿಯಲ್ಲಿ ಅಕಿಂದಿನೋಸ್, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿದೆ, ಮೂಗು ಎರಡರಷ್ಟಾಗಿದೆ.

“ಏನೂ ಆಗಿಲ್ಲ,” ಎಂದ.

“ಅಜ್ಜನ ಹೆಸರಿಗೆ ಇನ್ನೂ ಯಾರ ವೋಟಿದೆ?” ಎಂದು ಮೀನುಗಾರ ಕೂಗಿದ. ಒಂದು ಕೈಯೂ ಮೇಲೇಳಲಿಲ್ಲ. ಮಿರ್ತೋ ಖಾಲಿಯಾದ ಮುಲಾಮಿನ ಕೊಳವೆಯನ್ನು ನನ್ನ ಮುಖದೆದುರು ಹಿಡಿದು ತೋರಿಸಿ ಕೆಳಗಿಟ್ಟಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಅಕಿಂದಿನೋಸ್ ಮೆಟ್ಟಿಲ ಮೇಲೆ ಕೂತಿದ್ದ. ಆಕ್ಟೋಪಸ್ ತಂದಿರಲಿಲ್ಲ.

“ಈಯೊನ್ ಅಂತ್ಲೇ ಹೇಳಿಬಿಡು ಮಾರ್ಕುಲಿ.”

“ಯಾಕಯ್ಯ? ಊದಿದ್ದು ಇಳಿಯತ್ತೆ, ಜನ ಮರೀತಾರೆ.”

“ಜನ ಬಿಡು.” ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ನಿನ್ನೆ ಸಂಜೆ ಮಗೂನ ಎತ್ಕೊಂಡೆ. ಸೊಸೆ ಕೊಡ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ನನ್ನ ಕೈ ಕೆಳಗೆ ಅವಳ ಕೈ ಇಟ್ಕೊಂಡೇ ನಿಂತಿರ್ತಾಳೆ. ಒಂದು ಸಲಾನೂ ತೆಗೆದಿಲ್ಲ. ಆ ಹೆಸರನ್ನ ಮಗೂಗೆ ಇಟ್ಟರೆ ಅವಳು ಅದರ ಕೆಳಗೂ ಜೀವನಪೂರ್ತಿ ಕೈ ಹಿಡ್ಕೊಂಡೇ ಇರಬೇಕಾಗತ್ತೆ. ಬೇಡ.”

ಅವನಿಗೆ ಒಂದು ಕಾಫಿ ಮಾಡಿಕೊಟ್ಟೆ. ಅದನ್ನು ಅವನು ಚೆಲ್ಲದೆ ಕುಡಿದ. ಅದನ್ನು ನೋಡಿ ನನಗೆ ಸಂಕಟವಾಯಿತು.

ದೀಕ್ಷಾಸ್ನಾನದ ದಿನವೂ ಗಾಳಿ ನಿಂತಿರಲಿಲ್ಲ. ಚರ್ಚಿನ ತೂಗುದೀಪಗಳು ಓಲಾಡುತ್ತಿದ್ದವು. ಹಡಗು ಹೊರಡುವುದರೊಳಗೆ ಮುಗಿಸಬೇಕೆಂದು ಪಾದ್ರಿಗಳು ಮಂತ್ರಗಳನ್ನು ಒಂದರ ಮೇಲೊಂದು ಹತ್ತಿಸುತ್ತಿದ್ದರು. ನಡುವೆ ತಾಮ್ರದ ಕೊಪ್ಪರಿಗೆಯಲ್ಲಿ ಉಗುರುಬೆಚ್ಚಗಿನ ನೀರು. ಹೆಸರು ಹೇಳುವವರೆಗೆ ತಾಯಿ ಹತ್ತಿರ ಬರಬಾರದೆಂಬ ಪದ್ಧತಿಯಂತೆ ಮಿರ್ತೋ ದೂರ ಬಾಗಿಲ ಬಳಿ ನಿಂತಿದ್ದಳು. ಮುಂದೆ ಕುರ್ಚಿಯಲ್ಲಿ ಮೇಲಿನೂರಿನಿಂದ ಕತ್ತೆಯ ಮೇಲೆ ಇಳಿಸಿ ತಂದ ಅನೆಜ್ಯೋ ಮುದುಕಿ. ಅಕಿಂದಿನೋಸನ ತಾಯಿಯ ತಂಗಿ, ಅವನ ಧರ್ಮತಾಯಿಯೂ ಅವಳೇ. ವಯಸ್ಸು ಎಷ್ಟೆಂದು ಕೇಳಿದರೆ ಬಯ್ಯುವಷ್ಟು ವಯಸ್ಸು.

ಧರ್ಮತಂದೆಯ ಕೆಲಸದಂತೆ ನಾನು ಮಗುವಿನ ಮೈಗೆಲ್ಲ ಆಲಿವ್ ಎಣ್ಣೆ ಹಚ್ಚುತ್ತಿದ್ದೆ. ಕೈ ಬೆರಳು, ಕಂಕುಳು, ಕತ್ತಿನ ಮಡಿಕೆ, ಒಂದೂ ಬಿಡಬಾರದು.

“ಸರಿಯಾಗಿ ಹಚ್ಚೋ,” ಎಂದಳು ಅನೆಜ್ಯೋ. “ಇನ್ನೊಬ್ಬ ಅಕಿಂದಿನೋಸ್ ಅವನು.”

“ಇಲ್ಲ ಚಿಕ್ಕಮ್ಮ,” ಎಂದ ಅಕಿಂದಿನೋಸ್. “ಬೇರೆ ಹೆಸರು. ನಾನೇ ಬೇಡ ಅಂದೆ. ಆ ಹೆಸರಿನ ಮಾನ ನಾನು ಉಳಿಸಲಿಲ್ಲ.”

“ಏನಂದೆ?”

“ಅಪಾಯ ಇಲ್ದೋನು ಅಂತ ಹೆಸರು. ನಾನು ಬೀಳದೇ ಇರೋ ಜಾಗ ಇಲ್ಲ.”

ಮುದುಕಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. ಪಾದ್ರಿಗಳ ಮಂತ್ರ ಅರ್ಧಕ್ಕೆ ನಿಂತಿತು.

“ಬೀಳದೇ ಇರೋನಿಗೆ ಇಡೋ ಹೆಸರು ಅಂತ ನಿನಗೆ ಯಾವ ಪೆದ್ದ ಹೇಳಿದ? ನಿನಗಿಂತ ಮುಂಚೆ ನಿನ್ನವ್ವ ಮೂರು ತೊಟ್ಟಿಲು ಖಾಲಿ ಮಾಡಿದಳು ಮಗಾ. ಮೂರನ್ನೂ ಈ ಚರ್ಚಿನ ಹಿಂದೆ ಮಣ್ಣಿಗೆ ಕೊಟ್ಟಳು. ನೀನು ಹುಟ್ಟಿದಾಗ ನಿನ್ನನ್ನ ನೋಡಕ್ಕೇ ಹೆದರಿದಳು. ನನ್ನ ಕೈ ಹಿಡ್ಕೊಂಡು ಅಂದ್ಲು, ‘ಅನೆಜ್ಯೋ, ಅಜ್ಜನ ಹೆಸರು ಬೇಡ ಕಣೆ, ಏನೂ ಆಗಬಾರದು ಅನ್ನೋ ಹೆಸರು ಇದ್ರೆ ಅದನ್ನ ಇಡು’. ಅದಕ್ಕೇ ಇಟ್ಟೆ. ಬಾವಿಗೆ ಬಿದ್ದೆ, ಏನಾಯ್ತು? ಗೋಪುರದಿಂದ ಬಿದ್ದೆ, ಏನಾಯ್ತು? ಕತ್ತೆ ನಿನ್ನ ಮೇಲೆ ಬಿತ್ತು, ಕುಂಟಿದ್ದು ಯಾರು?”

“ಕತ್ತೆ,” ಎಂದ ಹಿಂದಿನಿಂದ ಮೀನುಗಾರ.

“ಇಲ್ಲಿರೋರಲ್ಲಿ ಇವನಷ್ಟು ಬಿದ್ದು ಇವನ ಹಾಗೆ ನಿಂತಿರೋ ಇನ್ನೊಬ್ಬನನ್ನ ತೋರಿಸಿ! ಮಾನ ಉಳಿಸಲಿಲ್ಲವಂತೆ. ಒಂದೇ ಹೆಸರು, ದಿನಾ ದುಡಿದಿದೆ!”

ನಾನು ಬಾಗಿಲ ಕಡೆ ನೋಡಿದೆ. ಮಿರ್ತೋ ತನ್ನ ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಮುಖದಲ್ಲಿ ಹೌದೂ ಕಾಣಲಿಲ್ಲ, ಇಲ್ಲವೂ ಕಾಣಲಿಲ್ಲ.

“ಹಡಗು ಹೊರಡತ್ತೆ,” ಎಂದರು ಪಾದ್ರಿ. “ಮಗೂನ ಕೊಡಪ್ಪ. ಹೆಸರೇನು?”

ಕೈ ಮುಂದೆ ಚಾಚಿದೆ. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಎಣ್ಣೆಯನ್ನು ನಾನು ಸ್ವಲ್ಪ ಧಾರಾಳವಾಗಿಯೇ ಹಚ್ಚಿದ್ದೆ. ನನ್ನ ಕೈಗೂ ಪಾದ್ರಿಗಳ ಕೈಗೂ ನಡುವೆ ಮಗು ಮೀನಿನಂತೆ ಜಾರಿತು.

ನಾವಿಬ್ಬರೂ ಗಾಳಿಯನ್ನು ಹಿಡಿದೆವು. ಮಿರ್ತೋ ಕಿರುಚಿದಳು. ಆದರೆ ಅಕಿಂದಿನೋಸ್ ಆಗಲೇ ಬೀಳುತ್ತಿದ್ದ. ಚಿಕ್ಕಮ್ಮನ ಮಾತಿಗೆ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದವನ ಕಾಲಿಗೆ ಜಮಖಾನೆಯ ಅಂಚು ಸಿಕ್ಕಿತ್ತು. ಬೀಳುತ್ತಲೇ ಅವನು ಜಾರುತ್ತಿದ್ದ ಮಗುವನ್ನು ಕಂಡ, ಅರ್ಧದಲ್ಲಿ ಮೈ ತಿರುಗಿಸಿದ, ಬೆನ್ನಡಿಯಾಗಿ ನೆಲಕ್ಕೆ ಬಿದ್ದು ಎರಡೂ ಕೈ ಎತ್ತಿದ. ಮಗು ಅವನ ಹೊಟ್ಟೆಯ ಮೇಲೆ ಬಂದು ಕೂತಿತು. ನಮ್ಮಲ್ಲಿ ಬೇರೆ ಯಾರೂ ಅಷ್ಟು ಚುರುಕಾಗಿ ಬೀಳಲಾರರು. ಅದಕ್ಕೆ ಜೀವಮಾನದ ಅಭ್ಯಾಸ ಬೇಕು. ಅವನ ಭುಜ ತಗಲಿ ಕೊಪ್ಪರಿಗೆ ವಾಲಿ ಅರ್ಧ ನೀರು ಅವನ ಮುಖಕ್ಕೇ ಸುರಿಯಿತು.

ಪದ್ಧತಿಯನ್ನು ಬಿಟ್ಟು ಮಿರ್ತೋ ಓಡಿ ಬಂದು ಮೊಣಕಾಲೂರಿದಳು. ಮಗುವಿನ ತಲೆ ಮುಟ್ಟಿದಳು, ಕತ್ತು ಮುಟ್ಟಿದಳು, ಒಂದೊಂದೇ ಕೈ, ಒಂದೊಂದೇ ಕಾಲು ಆಡಿಸಿ ನೋಡಿದಳು. ಮಗು ಅಜ್ಜನ ಊದಿದ ಮೂಗನ್ನು ಹಿಡಿಯಲು ಹೊರಟಿತ್ತು. ಆಮೇಲೆ ಅವಳು ಮಾವನ ತಲೆಯನ್ನೂ ಮುಟ್ಟಿ ನೋಡಿದಳು.

“ಏನೂ ಆಗಿಲ್ಲ,” ಎಂದಳು ಮಿರ್ತೋ. ಅಂದದ್ದನ್ನು ತಾನೇ ಕೇಳಿಸಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು.

“ಹೆಸರು!” ಪಾದ್ರಿಗಳು ತೊಯ್ದ ಗಡ್ಡ ಹಿಂಡಿಕೊಳ್ಳುತ್ತ ಕೂಗಿದರು.

ನಾನು ಅವಳ ಮುಖ ನೋಡಿದೆ.

“ನನ್ನನ್ನೇನು ನೋಡ್ತೀರಿ ಅಣ್ಣ? ಹೇಳಿ. ದುಡಿಯೋ ಹೆಸರೇ ಇರಲಿ.”

ಹೇಳಿದೆ. ಉಳಿದ ನೀರಿನಲ್ಲಿ ಪಾದ್ರಿಗಳು ಆ ಹೆಸರಿನಲ್ಲೇ ಮಗುವನ್ನು ಮೂರು ಸಲ ಮುಳುಗಿಸಿ ಎತ್ತಿದರು. ಅಕಿಂದಿನೋಸನ ಕಿವಿಗೆ ನೀರು ತುಂಬಿಕೊಂಡಿತ್ತು. “ಈಯೊನ್... ಚೆನ್ನಾಗಿದೆ, ಹಗುರಾಗಿದೆ,” ಎಂದು ತನಗೆ ತಾನೇ ಹೇಳಿಕೊಳ್ಳುತ್ತ ನಿಂತಿದ್ದ. ಅನೆಜ್ಯೋ ಊರುಗೋಲಿನಿಂದ ತಿವಿದು ಸುದ್ದಿ ತಿಳಿಸಬೇಕಾಯಿತು.

ಮಿರ್ತೋ ಮಗುವನ್ನು ಬಿಳಿ ಟವೆಲಿನಲ್ಲಿ ಸುತ್ತಿ ಅವನ ತೋಳಿಗೆ ಕೊಟ್ಟಳು. ಕೊಟ್ಟು, ತನ್ನ ಎರಡೂ ಕೈಗಳನ್ನು ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದು ಕೈ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದದ್ದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು.

ಹುಟ್ಟಿದಾಗಿನಿಂದ ಒಂದು ಕಡೆ ನಿಲ್ಲದ ಮನುಷ್ಯ ಅಲ್ಲಾಡದೆ ನಿಂತ. ಗಾಳಿಗೆ ದೀಪಗಳು ಓಲಾಡಿದವು, ಮೇಣದಬತ್ತಿಗಳು ಆರಿದವು, ಹಡಗು ಕೂಗಿತು, ಪಾದ್ರಿಗಳು ಓಡಿದರು. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಸುಮಾರು ಹೊತ್ತಾದ ಮೇಲೆ ತುಟಿ ಅಲುಗಿಸದೆ ಪಿಸುಗುಟ್ಟಿದ:

“ಯಾರಾದ್ರೂ ಬಂದು ಮಗೂನ ಇಸ್ಕೊಳ್ರಪ್ಪ. ಜೇನು ಕಚ್ಚಿದ ಮೂಗು ತುರಿಸ್ತಾ ಇದೆ.”

ಮಿರ್ತೋ ಮುಂದೆ ಬಂದಳು. ಮಗುವನ್ನು ಇಸಿದುಕೊಳ್ಳಲಿಲ್ಲ. ಕೈ ಎತ್ತಿ ಮಾವನ ಮೂಗನ್ನು ತುರಿಸಿದಳು.